ನಾಲ್ಕೈದು ಕಿಲೋಮೀಟರ್ ಓಡಿ ಬೈಕ್ ನಿಂತುಬಿಡುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್!

ಮಳೆಸವಾರ
ಎಲ್ಲರಿಗೂ ನಮಸ್ಕಾರ. ನನ್ನದು 2009ರ ನೂರು ಸಿಸಿ ಬೈಕ್, ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವುದು, ಮೊದಲು ಅಪ್ಪ ಓಡಿಸುತ್ತಿದ್ದರು. ಹದಿನೈದು ದಿನದಿಂದ ಒಂದೇ ಗೋಳು. ಬೆಳಿಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ, ಚೆನ್ನಾಗಿಯೇ ಓಡುತ್ತದೆ, ಆಮೇಲೆ ದಾರಿ ಮಧ್ಯೆ ಪಿಕಪ್ ಸತ್ತು, ಎರಡು ಮೂರು ಸಲ ಜರ್ಕ್ ಹೊಡೆದು ನಿಂತುಬಿಡುತ್ತದೆ. ಎಷ್ಟು ಕಿಕ್ ಹೊಡೆದರೂ ಇಲ್ಲ. ಸುಮ್ನೆ ಹತ್ತು ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್.

ಹೊಸ ಪ್ಲಗ್ ಹಾಕಿಸಿದೆ. ಏರ್ ಫಿಲ್ಟರ್ ಬದಲಾಯ್ತು. ಕಾರ್ಬೊರೇಟರ್ ಅಂತೂ ಈ ಗೋಳು ಶುರುವಾಗುವ ಸ್ವಲ್ಪ ಮೊದಲೇ ಮೆಕ್ಯಾನಿಕ್ ಬಿಚ್ಚಿ ತೊಳೆದುಕೊಟ್ಟಿದ್ದರು, ಅದರ ತಳದ ಬೌಲ್‌ನಲ್ಲಿ (ಪೆಟ್ರೋಲ್ ನಿಲ್ಲುವ ಬಟ್ಟಲು) ನೀರಿತ್ತು ಅಂದಿದ್ದರು. ಈಗ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್, ಸಿಡಿಐ ಎರಡನ್ನೂ ಬದಲಿಸೋಣ ಅನ್ನುತ್ತಿದ್ದಾರೆ. ನಿನ್ನೆ ತೀರ್ಥಹಳ್ಳಿಯಲ್ಲಿ ಫುಲ್ ಟ್ಯಾಂಕ್ ಹಾಕಿಸಿ ಆಗುಂಬೆ ಕಡೆ ಹೊರಟೆ, ನಾಲ್ಕು ಕಿಲೋಮೀಟರ್ ಆಗುವಷ್ಟರಲ್ಲಿ ನಿಂತಿತು. ಯಾರದೋ ಅಡಿಕೆ ತೋಟದ ಬೇಲಿ ಪಕ್ಕ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದೆ. ದುಡ್ಡು ಸುರಿಯುವ ಮೊದಲು ನಿಮ್ಮನ್ನು ಕೇಳೋಣ ಅನ್ನಿಸಿತು.

ಟಾಪ್‌ಗೇರ್
ಕಾಯಿಲೇ ಇರಬೇಕು. ನನ್ನದಕ್ಕೂ ಹೀಗೇ ಆಗಿತ್ತು, ಬಿಸಿಯಾದರೆ ಕರೆಂಟ್ ಬರುತ್ತಿರಲಿಲ್ಲ, ತಣ್ಣಗಾದರೆ ಬರುತ್ತಿತ್ತು. ಬದಲಿಸಿಬಿಡಿ ಅಣ್ಣ.

ಹಳೇಕಿಕ್ಕರ್
ಸ್ವಲ್ಪ ತಡೀರಿ, ಇನ್ನೂ ಏನೂ ಬದಲಿಸಬೇಡಿ. ಕಾಯಿಲ್ ಬಿಸಿಯಾಗಿ ಕೈಕೊಡುವುದು ಇದೆ, ಇಲ್ಲ ಅಂತಲ್ಲ. ಆದರೆ ಕರೆಂಟ್ ಹೋದರೆ ಸಾಮಾನ್ಯವಾಗಿ ಸ್ವಿಚ್ ಆಫ್ ಮಾಡಿದ ಹಾಗೆ ಟಪ್ ಅಂತ ನಿಲ್ಲುತ್ತದೆ. ನಿಮ್ಮದು ಪಿಕಪ್ ಸತ್ತು, ಜರ್ಕ್ ಹೊಡೆದು ನಿಲ್ಲುತ್ತಿದೆ, ಇದು ಪೆಟ್ರೋಲ್ ಸಾಲದೆ ಸಾಯುವ ಲಕ್ಷಣ.

ಇದನ್ನು ಶೆಡ್‌ನಲ್ಲಿ ನಿಲ್ಲಿಸಿಕೊಂಡು ಕಂಡುಹಿಡಿಯೋಕೆ ಆಗಲ್ಲ. ನಿಂತ ಜಾಗದಲ್ಲೇ, ನಿಂತ ತಕ್ಷಣ ನೋಡಬೇಕು, ಹತ್ತು ನಿಮಿಷ ಆದಮೇಲೆ ಸಾಕ್ಷಿ ಇರಲ್ಲ. ಮೊದಲು ಟ್ಯಾಂಕ್ ಮುಚ್ಚಳ ತೆಗೆಯಿರಿ, ಕಿವಿ ಹತ್ತಿರ ಇಟ್ಟುಕೊಂಡು. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದರೆ, ಆಮೇಲೆ ಅರ್ಧ ನಿಮಿಷ ಬಿಟ್ಟು ಕಿಕ್ ಹೊಡೆದಾಗ ಸ್ಟಾರ್ಟ್ ಆದರೆ, ಕಳ್ಳ ಸಿಕ್ಕಿದ ಅಂತ ಅರ್ಥ. ಮುಚ್ಚಳದಲ್ಲಿ ಗಾಳಿ ಹೋಗೋಕೆ ಒಂದು ಸಣ್ಣ ದಾರಿ ಇರುತ್ತದೆ. ಅದು ಮುಚ್ಚಿಹೋದರೆ ಪೆಟ್ರೋಲ್ ಇಳಿದಷ್ಟೂ ಟ್ಯಾಂಕ್ ಒಳಗೆ ಎಳೆತ ಜಾಸ್ತಿಯಾಗಿ, ಕೊನೆಗೆ ಪೆಟ್ರೋಲ್ ಇಳಿಯೋದೇ ನಿಲ್ಲುತ್ತದೆ. ನಮ್ಮ ಬೈಕ್‌ಗಳಿಗೆ ಪಂಪ್ ಇಲ್ಲ, ಟ್ಯಾಂಕ್ ಮೇಲಿದೆ ಅನ್ನೋದೊಂದೇ ಬಲ.

ಸದ್ದು ಬರದಿದ್ದರೆ ಬೌಲ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲ ಮಾಡಿ, ಸಣ್ಣ ಗಾಜಿನ ಬಾಟಲಿಗೆ ಹಿಡಿಯಿರಿ. ಎಂಜಿನ್ ಸುಡುತ್ತಿರುತ್ತದೆ, ಹುಷಾರು. ಏನೂ ಬರದಿದ್ದರೆ ಮೇಲಿಂದ ಪೆಟ್ರೋಲ್ ಬರುತ್ತಿಲ್ಲ, ಕಾಕ್ (ಟ್ಯಾಂಕ್ ಕೆಳಗಿನ ಪೆಟ್ರೋಲ್ ನಲ್ಲಿ) ಅಥವಾ ಪೈಪ್ ನೋಡಬೇಕು. ಬಂದರೆ ಬಾಟಲಿ ತಳ ನೋಡಿ, ನೀರಿದ್ದರೆ ಗುಂಡು ಗುಂಡಾಗಿ ಕೂತಿರುತ್ತದೆ. ಶುದ್ಧ ಪೆಟ್ರೋಲ್ ಧಾರಾಳವಾಗಿ ಬಂದರೆ ಮಾತ್ರ ಆ ಬಾಟಲಿಯನ್ನು ದೂರ ಇಟ್ಟು ಪ್ಲಗ್‌ನಲ್ಲಿ ಕಿಡಿ ಬರುತ್ತಾ ನೋಡಿ. ಕಾಯಿಲ್ ಮಾತು ಆಗ.

ಇನ್ನೊಂದು ಪ್ರಶ್ನೆ. ಟ್ಯಾಂಕ್ ಅರ್ಧ ಖಾಲಿ ಇದ್ದಾಗ ನಿಲ್ಲುವ ಮೊದಲು ಜಾಸ್ತಿ ದೂರ ಹೋಗುತ್ತದಾ?

ಮಳೆಸವಾರ
ಹೌದು ಸರ್! ಹೋದ ವಾರ ಅರ್ಧಕ್ಕಿಂತ ಕಡಿಮೆ ಇದ್ದಾಗ ಹತ್ತು ಕಿಲೋಮೀಟರ್ ಹೋಗಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?

ಹಳೇಕಿಕ್ಕರ್
ಫುಲ್ ಟ್ಯಾಂಕ್‌ನಲ್ಲಿ ಮೇಲೆ ಗಾಳಿಗೆ ಜಾಗ ಕಡಿಮೆ. ಒಂದೆರಡು ಚಮಚ ಪೆಟ್ರೋಲ್ ಇಳಿದರೂ ಎಳೆತ ಶುರು, ಆಮೇಲೆ ಬೌಲ್‌ನಲ್ಲಿ ಉಳಿದದ್ದರಲ್ಲಿ ಎರಡು ಕಿಲೋಮೀಟರ್ ಅಷ್ಟೇ. ಅರ್ಧ ಖಾಲಿ ಇದ್ದರೆ ಅಷ್ಟೇ ಎಳೆತಕ್ಕೆ ಜಾಸ್ತಿ ಪೆಟ್ರೋಲ್ ಇಳಿಯಬೇಕು. ಕಾಯಿಲ್‌ಗೆ ಟ್ಯಾಂಕಲ್ಲಿ ಎಷ್ಟಿದೆ ಅಂತ ಹೇಗೆ ಗೊತ್ತಾಗಬೇಕು ಹೇಳಿ?

ಸಿಂಗಲ್‌ಸಿಲಿಂಡರ್
ಇದನ್ನು ಓದುವ ಬೇರೆಯವರಿಗೆ: ಸಿಗ್ನಲ್‌ನಲ್ಲಿ ಮಾತ್ರ ಆಫ್ ಆಗಿ, ಓಡುವಾಗ ಸರಿಯಿದ್ದರೆ ಅದು ಬೇರೆ ಕಥೆ. ಸ್ಲೋ ಜೆಟ್ (ಬೈಕ್ ನಿಂತು ಎಂಜಿನ್ ಓಡುವಾಗ ಪೆಟ್ರೋಲ್ ಬಿಡುವ ಸಣ್ಣ ತೂತು) ಕಟ್ಟಿಕೊಂಡಿದೆಯಾ, ಕಾರ್ಬೊರೇಟರ್‌ಗೂ ಎಂಜಿನ್‌ಗೂ ನಡುವಿನ ರಬ್ಬರ್ ಸೀಳಿದೆಯಾ, ವಾಲ್ವ್ ಟೈಟ್ ಆಗಿದೆಯಾ ನೋಡಿ. ಕಾರ್ಬೊರೇಟರ್‌ನಲ್ಲಿ ಗಾಳಿ ಹದ ಮಾಡುವ ಏರ್ ಸ್ಕ್ರೂ ಸುಮ್ನೆ ತಿರುಗಿಸುತ್ತಾ ಕೂರಬೇಡಿ, ಮೊದಲು ಎಷ್ಟು ಸುತ್ತಿತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬೌಲ್ ಡ್ರೈನ್ ಮಾಡಿ, ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇರುವುದರಿಂದ ನೀರು ಬೇಗ ಸೇರಿಕೊಳ್ಳುತ್ತದೆ.

ಮಳೆಸವಾರ
ಸಿಕ್ಕಿತು, ಹೇಳೋಕೆ ನಾಚಿಕೆ. ಇವತ್ತು ನಿಂತ ತಕ್ಷಣ ಮುಚ್ಚಳ ತೆಗೆದೆ, ಕಿವಿ ಇಡೋದೇ ಬೇಡ, ಮಳೆ ಸದ್ದಿನಲ್ಲೂ ಕೇಳಿಸಿತು. ಎರಡನೇ ಕಿಕ್‌ಗೆ ಸ್ಟಾರ್ಟ್. ಮುಚ್ಚಳ ತಿರುಗಿಸಿ ನೋಡಿದರೆ ಒಳಗೆ ಕರೀ ರಬ್ಬರ್ ಬಿಲ್ಲೆ. ಬೌಲ್‌ನಲ್ಲಿ ನೀರು ಸಿಕ್ಕಿತು ಅಂದಮೇಲೆ, ಮುಚ್ಚಳದಿಂದಲೇ ಇಳಿಯುತ್ತಿದೆ ಅಂತ ನಾನೇ ಹಳೇ ಸೈಕಲ್ ಟ್ಯೂಬ್ ಗುಂಡಗೆ ಕತ್ತರಿಸಿ ಒತ್ತಿ ಕೂರಿಸಿದ್ದೆ. ಲೆಕ್ಕ ಹಾಕಿದರೆ ಸರಿಯಾಗಿ ಹದಿನೈದು ದಿನ.

ಹಳೇಕಿಕ್ಕರ್
ಹಹಹ, ನೀರೂ ಹೋಗಲಿಲ್ಲ, ಗಾಳಿಯೂ ಹೋಗಲಿಲ್ಲ. ಕಿತ್ತುಹಾಕಿ, ಮುಚ್ಚಳದ ವಾಷರ್ ಹೊಸದು ಹಾಕಿಸಿ, ಅದು ಬಳೆಯ ಹಾಗೆ ಮಧ್ಯೆ ತೂತು ಇರುವುದೇ ಆಗಬೇಕು. ಒಂದು ಸಲ ಟ್ಯಾಂಕ್ ತಳದ ನೀರೂ ತೆಗೆಸಿ.

ಮಳೆಸವಾರ
ಆಯ್ತು ಸರ್, ತುಂಬಾ ಥ್ಯಾಂಕ್ಸ್. ಮೆಕ್ಯಾನಿಕ್ ಶಿವಮೊಗ್ಗದಿಂದ ಕಾಯಿಲ್ ತರಿಸಿ ಇಟ್ಟಿದ್ದಾರಂತೆ. ಅವರಿಗೆ ಏನಂತ ಹೇಳಲಿ ಅಂತ ಯೋಚಿಸುತ್ತಿದ್ದೇನೆ.