ಬಿಬಿಸಿ ಮೈಕ್ರೊಗೆ ಎಸ್‌ಡಿ ಕಾರ್ಡೋ, ಗೋಟೆಕ್ಕೋ? ಮೆಮೊರಿ ಹೆಚ್ಚಿಸಬೇಕೇ? ಬಳಸಿದವರು ತಿಳಿಸಿ

ಕೇಳಿದವರು: ಸಾಗರ, ಶಿವಮೊಗ್ಗ ಜಿಲ್ಲೆ

ನನ್ನ ತಂದೆಯವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ 1980ರ ದಶಕದಲ್ಲಿ ಅವರ ಶಾಲೆಗೆ ಬಂದಿದ್ದ ಬಿಬಿಸಿ ಮೈಕ್ರೊ ಮಾಡೆಲ್ ಬಿ ಕಂಪ್ಯೂಟರನ್ನು ಹಳೆಯ ಸಾಮಾನಿನ ಹರಾಜಿನಲ್ಲಿ ಕೊಂಡಿದ್ದೇವೆ. ಜೊತೆಗೆ ಒಂದು ಡಬ್ಬಿ ಕ್ಯಾಸೆಟ್‌ಗಳು, ಐದೂಕಾಲು ಇಂಚಿನ ಕೆಲವು ಫ್ಲಾಪಿಗಳು ಸಿಕ್ಕಿವೆ. ಫ್ಲಾಪಿ ಡ್ರೈವ್ ಸಿಗಲಿಲ್ಲ. ಇನ್ನೂ ವಿದ್ಯುತ್ ಕೊಟ್ಟು ನೋಡಿಲ್ಲ. ಅಣ್ಣನ ಬಳಿ ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಮ್ 48ಕೆ ಕಂಪ್ಯೂಟರ್ ಕೂಡ ಇದೆ. ಪರದೆಯ ಮೇಲೆ ಚೌಕಗಳು ಮಾತ್ರ ಬರುತ್ತವೆ. ಎರಡಕ್ಕೂ ಏನು ಕೊಳ್ಳಬೇಕು? ಹಳೆಯ ಡ್ರೈವ್ ಹುಡುಕುವುದೇ, ಪೆನ್‌ಡ್ರೈವ್ ಹಾಕುವ ಗೋಟೆಕ್ ಕೊಳ್ಳುವುದೇ, ಎಸ್‌ಡಿ ಕಾರ್ಡ್ ಸಾಕೇ? 32 ಕಿಲೋಬೈಟ್ ಮೆಮೊರಿಯನ್ನು ಹೆಚ್ಚಿಸಿಕೊಳ್ಳಬೇಕೇ? ಬೆಸುಗೆ ಹಾಕುವುದು ನನಗೆ ಅಷ್ಟಾಗಿ ಬರುವುದಿಲ್ಲ.

ಬೆಂಗಳೂರಿನಿಂದ

ದಯವಿಟ್ಟು ಇನ್ನೂ ಪ್ಲಗ್ ಹಾಕಬೇಡಿ. ಸಂಗ್ರಹ, ಮೆಮೊರಿ ಎಲ್ಲವೂ ಆಮೇಲಿನ ಮಾತು. ಮಾಡೆಲ್ ಬಿ ಪವರ್ ಸಪ್ಲೈಯ ಒಳಗೆ ಹಳದಿ ಕವಚದ ಎರಡು ಕಾಗದದ ಕೆಪಾಸಿಟರ್‌ಗಳಿರುತ್ತವೆ, ಒಂದು 100 ನ್ಯಾನೊಫ್ಯಾರಡ್, ಇನ್ನೊಂದು 10. ಹಳೆಯ ಯಂತ್ರಗಳ ಆಸಕ್ತರು ಇವನ್ನು ರಿಫಾ ಎಂದೇ ಗುರುತಿಸುತ್ತಾರೆ. ವರ್ಷ ಕಳೆದಂತೆ ಕವಚದಲ್ಲಿ ಕೂದಲೆಳೆಯಂಥ ಬಿರುಕು ಮೂಡಿ ತೇವ ಒಳಗೆ ಸೇರುತ್ತದೆ. ವಿದ್ಯುತ್ ಹರಿದ ಸ್ವಲ್ಪ ಹೊತ್ತಿಗೆ ಅದು ಸಿಡಿದು ಕೋಣೆ ತುಂಬ ಹೊಗೆ ಎಬ್ಬಿಸುತ್ತದೆ. ಸಾಗರದ ಮಳೆಗಾಲಗಳನ್ನು ಇಷ್ಟು ಕಂಡಿರುವ ಯಂತ್ರದಲ್ಲಿ ಆ ಕೆಪಾಸಿಟರ್ ಒಣಗಿ ಉಳಿದಿದೆ ಎಂದು ನಾನಂತೂ ನಂಬುವುದಿಲ್ಲ. ಎಕ್ಸ್2 ದರ್ಜೆಯ ಪಾಲಿಪ್ರೊಪಿಲೀನ್ ಕೆಪಾಸಿಟರ್‌ಗಳು ಇಲ್ಲಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅಲ್ಪ ಬೆಲೆಗೆ ಸಿಗುತ್ತವೆ. ಟಿವಿ ದುರಸ್ತಿಯಲ್ಲಿ ಪಳಗಿದ ಮೆಕ್ಯಾನಿಕ್ ಒಬ್ಬರ ಕೈಯಲ್ಲಿ ಬದಲಾಯಿಸಿಸಿ. ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ಲಗ್ ತೆಗೆದ ಮೇಲೂ ವಿದ್ಯುತ್ ಉಳಿದಿರುತ್ತದೆ. ಈ ಒಂದು ಕೆಲಸವನ್ನು ಮಾತ್ರ ನೀವೇ ಮಾಡಲು ಹೋಗಬೇಡಿ.

ಅದಾದ ಮೇಲೆ ಯಂತ್ರ ಹೊತ್ತಿಸಿ. ಮೊದಲು ಗಡುಸಾದ ಒಂದು ದನಿ, ಅದರ ಹಿಂದೆಯೇ ಒಂದು ಚಿಕ್ಕ ಬೀಪ್ ಕೇಳಿಸಿದರೆ ಸಂತೋಷಪಡಿ. ಗಡುಸು ದನಿಯೇ ನಿಲ್ಲದೆ ಎಳೆಯುತ್ತಿದ್ದರೆ ಚಿಪ್‌ಗಳು ಸಾಕೆಟ್‌ನಲ್ಲಿ ಸರಿಯಾಗಿ ಕೂತಿಲ್ಲವೇನೋ ನೋಡಬೇಕು. ಯಂತ್ರ ಆರಿಸಿ, ಒಂದೊಂದನ್ನೇ ಮೆಲ್ಲಗೆ ಒತ್ತಿ ಕೂರಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಕಾಲುಗಳನ್ನು ಒರೆಸಿದರೆ ಬಹಳಷ್ಟು ಯಂತ್ರಗಳು ಎದ್ದು ಕೂರುತ್ತವೆ.

ಇನ್ನು ಸಂಗ್ರಹ. ಇಲ್ಲಿ ನಿಮ್ಮ ಆಯ್ಕೆಯನ್ನು ನಿರ್ಧರಿಸುವುದು ಬೋರ್ಡಿನ ಮೇಲಿರುವ ಒಂದೇ ಒಂದು ಜಾಗ: ಐಸಿ 78. ಆಕಾರ್ನ್ ಕಂಪನಿ 1981ರಲ್ಲಿ ಮಾಡೆಲ್ ಬಿಯನ್ನು ಮಾರಲು ಆರಂಭಿಸಿದಾಗ ಡಿಸ್ಕ್ ನಿಯಂತ್ರಕವನ್ನು ಕೊಡುತ್ತಿರಲಿಲ್ಲ, ಅದನ್ನು ಬೇರೆ ಕೊಳ್ಳಬೇಕಿತ್ತು. ಐಸಿ 78ರಲ್ಲಿ 8271 ಎಂಬ ನಲವತ್ತು ಕಾಲಿನ ಚಿಪ್ ಇದ್ದರೆ, ಅಥವಾ ಆ ಜಾಗದಲ್ಲಿ 1770 ಚಿಪ್ ಇರುವ ಪುಟ್ಟ ಬೋರ್ಡ್ ಕೂತಿದ್ದರೆ, ನಿಮ್ಮ ಯಂತ್ರಕ್ಕೆ ಡ್ರೈವ್ ನಡೆಸುವ ಶಕ್ತಿ ಇದೆ. ಆಗ ಗೋಟೆಕ್ ಆದೀತು. ಜಾಗ ಖಾಲಿ ಇದ್ದರೆ ಗೋಟೆಕ್ ಕೊಂಡು ಪ್ರಯೋಜನವಿಲ್ಲ, ಅದು ಫ್ಲಾಪಿ ಡ್ರೈವಿನ ವೇಷ ಹಾಕುವ ಸಾಧನವೇ ಹೊರತು ನಿಯಂತ್ರಕವಲ್ಲ. ಆ 8271 ಚಿಪ್ ಈಗ ದುಬಾರಿ. ಅದಕ್ಕೆ ಹಣ ಸುರಿಯುವ ಬದಲು, ಹೊರಗಿನ ಸಾಧನ ಜೋಡಿಸಲು ಇರುವ ಯೂಸರ್ ಪೋರ್ಟಿಗೆ ಎಸ್‌ಡಿ ಕಾರ್ಡ್ ಜೋಡಿಸುವುದೇ ಜಾಣತನ. ಅದಕ್ಕೆ, ಕಾರ್ಡನ್ನು ಡಿಸ್ಕಿನಂತೆ ಬಳಸಲು ಬಿಡುವ ಎಂಎಂಎಫ್‌ಎಸ್ ಎಂಬ ತಂತ್ರಾಂಶವಿರುವ ರೋಮ್ (ROM) ಚಿಪ್ ಒಂದನ್ನು ಖಾಲಿ ಸಾಕೆಟ್‌ನಲ್ಲಿ ಕೂರಿಸಬೇಕು. ಕಾರ್ಡಿನ ಮೇಲಿನ ಒಂದೇ ಕಡತದಲ್ಲಿ 511 ಡಿಸ್ಕ್‌ಗಳು ಹಿಡಿಯುತ್ತವೆ, ಒಂದೊಂದೂ 200 ಕಿಲೋಬೈಟ್. ಒಟ್ಟು ಸುಮಾರು 100 ಮೆಗಾಬೈಟ್ ಅಷ್ಟೇ. ಆದ್ದರಿಂದ 64 ಗಿಗಾಬೈಟ್ ಕಾರ್ಡಿಗೆ ದುಡ್ಡು ಹಾಕಬೇಡಿ. ನಂಬಿಕೆಯ ಅಂಗಡಿಯ ಚಿಕ್ಕ ಕಾರ್ಡ್ ಸಾಕು. ಬರೆಯುವ ಮುನ್ನ ಕಾರ್ಡನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ ಆ ಕಡತವನ್ನೇ ಮೊದಲು ನಕಲು ಮಾಡಿ; ಕಡತ ತುಂಡುತುಂಡಾಗಿ ಕೂತರೆ ಎಂಎಂಎಫ್‌ಎಸ್ ಅದನ್ನು ಒಪ್ಪುವುದಿಲ್ಲ.

ಎಸ್‌ಡಿ ಕಾರ್ಡ್ ಕೆಲಸ ಮಾಡುವುದು 3.3 ವೋಲ್ಟ್‌ನಲ್ಲಿ, ಯೂಸರ್ ಪೋರ್ಟ್ ಕೊಡುವುದು 5 ವೋಲ್ಟ್. ನಡುವೆ ವೋಲ್ಟೇಜ್ ಇಳಿಸುವ ಭಾಗ ಇದೆಯೇ ಎಂದು ಮಾರುವವರನ್ನು ಕೇಳಿಯೇ ಕೊಳ್ಳಿ.

ಹಳೆಯ ಡ್ರೈವ್ ಬೇಡವೇ ಬೇಡ ಎನ್ನುವುದಿಲ್ಲ. ಆದರೆ ದಿನನಿತ್ಯದ ಬಳಕೆಗೆ ಅದನ್ನು ನೆಚ್ಚಬೇಡಿ.

ಇಂಗ್ಲೆಂಡಿನ ರೆಡಿಂಗ್‌ನಿಂದ

ಮೂಲತಃ ದಾವಣಗೆರೆಯವನು, ಇಲ್ಲಿ ಬಿಬಿಸಿ ಮೈಕ್ರೊಗಳು ಇನ್ನೂ ಸುಲಭವಾಗಿ ಕೈಗೆ ಬರುತ್ತವೆ. ಬೆಂಗಳೂರಿನವರು ಹೇಳಿದ್ದು ಸರಿ, ಆದರೂ ಗೋಟೆಕ್ ಪರವಾಗಿ ಎರಡು ಮಾತು ಹೇಳಲೇಬೇಕು. ನಿಯಂತ್ರಕ ಇದ್ದರೆ ನಾನು ಕಣ್ಣು ಮುಚ್ಚಿ ಗೋಟೆಕ್ ಆರಿಸುತ್ತೇನೆ. ನಕಲು ತಡೆ ಇರುವ ಹಳೆಯ ಆಟಗಳು, ಪಾಠದ ಡಿಸ್ಕ್‌ಗಳು ನೇರವಾಗಿ ನಿಯಂತ್ರಕದ ಜೊತೆ ಮಾತಾಡುತ್ತವೆ. ಎಸ್‌ಡಿ ಕಾರ್ಡಿನಲ್ಲಿ ಅವು ಓಡುವುದಿಲ್ಲ. ಗೋಟೆಕ್‌ಗೆ ಫ್ಲ್ಯಾಶ್‌ಫ್ಲಾಪಿ ತಂತ್ರಾಂಶ ಹಾಕಿ, ಇಂಟರ್‌ಫೇಸನ್ನು ಶುಗಾರ್ಟ್ (ಹಳೆಯ ಫ್ಲಾಪಿ ಡ್ರೈವ್‌ಗಳ ಸಂಪರ್ಕ ಪದ್ಧತಿ) ಎಂದು ಇಟ್ಟರೆ ಪೆನ್‌ಡ್ರೈವ್‌ಗೆ ಡಿಸ್ಕ್ ಕಡತಗಳನ್ನು ಹಾಗೆಯೇ ನಕಲು ಮಾಡಬಹುದು. ಪುಟ್ಟ ಪರದೆ ಮತ್ತು ತಿರುಗಿಸುವ ಗುಬುಟು ಇರುವುದನ್ನೇ ಕೊಳ್ಳಿ. ಮೂರಂಕಿಯ ಸಂಖ್ಯೆ ಮಾತ್ರ ತೋರಿಸುವುದನ್ನು ಕೊಂಡರೆ ಯಾವ ಸಂಖ್ಯೆಯಲ್ಲಿ ಯಾವ ಡಿಸ್ಕ್ ಇದೆ ಎಂದು ಪಟ್ಟಿ ಬರೆದಿಟ್ಟುಕೊಳ್ಳಬೇಕಾಗುತ್ತದೆ.

ಒಂದು ಎಚ್ಚರಿಕೆ. ಯಂತ್ರದ ಕೆಳಭಾಗದಲ್ಲಿ 34 ಪಿನ್‌ಗಳ ಕನೆಕ್ಟರ್ ಎರಡಿವೆ: ಒಂದು ಡಿಸ್ಕ್ ಡ್ರೈವಿನದು, ಇನ್ನೊಂದು ಬೇರೆ ಸಾಧನಗಳನ್ನು ಜೋಡಿಸುವ 1 ಮೆಗಾಹರ್ಟ್ಸ್ ಬಸ್‌ನದು. ನೋಡಲು ಒಂದೇ ಬಗೆ. ಮೇಲೆ ಮುದ್ರಿಸಿರುವ ಹೆಸರನ್ನು ಓದಿ, ಯಂತ್ರ ಆರಿಸಿಯೇ ಕೇಬಲ್ ಹಾಕಿ.

ಮೆಮೊರಿ ವಿಷಯಕ್ಕೆ ಬರೋಣ, ಏಕೆಂದರೆ ಇದರಲ್ಲಿ ಹೊಸಬರು ಹೆಚ್ಚು ದುಡ್ಡು ಕಳೆಯುತ್ತಾರೆ. ಈಗಿನ ಲ್ಯಾಪ್‌ಟಾಪಿಗೆ ರ‍್ಯಾಮ್ ಸೇರಿಸಿದರೆ ವೇಗ ಹೆಚ್ಚುತ್ತದೆ. ಎಂಟು ಬಿಟ್ ಯಂತ್ರದಲ್ಲಿ ಹಾಗಾಗುವುದಿಲ್ಲ. ಬಿಬಿಸಿ ಮೈಕ್ರೊದ 6502 ಪ್ರೊಸೆಸರ್ ಒಮ್ಮೆಗೆ ನೋಡಬಲ್ಲದ್ದೇ 64 ಕಿಲೋಬೈಟ್. ಅದರಲ್ಲಿ ಅರ್ಧ ನಿಮ್ಮ ರ‍್ಯಾಮ್, ಉಳಿದರ್ಧದಲ್ಲಿ ಬೇಸಿಕ್ ಮತ್ತು ಕಾರ್ಯಾಚರಣಾ ವ್ಯವಸ್ಥೆ. ಹೆಚ್ಚುವರಿ ಮೆಮೊರಿ ಬಂದರೂ ಅದು ಸರದಿಯ ಮೇಲೆ ಒಳಗೆ ಬಂದು ಹೋಗಬೇಕು, ಮತ್ತು ತಂತ್ರಾಂಶಕ್ಕೆ ಅದನ್ನು ಬಳಸುವುದು ಗೊತ್ತಿರಬೇಕು.

ಕೊರತೆ ನಿಜವಾಗಿ ಎಲ್ಲಿ ಕಾಣಿಸುತ್ತದೆ ಹೇಳುತ್ತೇನೆ. ಬಣ್ಣಗಳು ಹೆಚ್ಚಿರುವ ಮೋಡ್ 2 ಪರದೆಯೊಂದೇ 20 ಕಿಲೋಬೈಟ್ ನುಂಗುತ್ತದೆ. ಕ್ಯಾಸೆಟ್ ಬಳಸುವಾಗ ನಿಮ್ಮ ಬೇಸಿಕ್ ಪ್ರೋಗ್ರಾಂಗೆ 8704 ಬೈಟ್ ಉಳಿಯುತ್ತದೆ. ಡಿಸ್ಕ್ ವ್ಯವಸ್ಥೆ ಸೇರಿಸಿದೊಡನೆ ಅದು ತನ್ನ ಕೆಲಸಕ್ಕೆ 2816 ಬೈಟ್ ತೆಗೆದುಕೊಂಡು, ನಿಮಗೆ 5888 ಬೈಟ್ ಬಿಡುತ್ತದೆ. ಎಂಎಂಎಫ್‌ಎಸ್‌ನ ಸಾಮಾನ್ಯ ಆವೃತ್ತಿಯಲ್ಲೂ ಇದೇ ಲೆಕ್ಕ. ಕ್ಯಾಸೆಟ್‌ನಿಂದ ಚೆನ್ನಾಗಿ ಓಡುತ್ತಿದ್ದ ಆಟ ಡಿಸ್ಕಿಗೆ ಬಂದಮೇಲೆ ನಿಂತುಹೋಗುವುದು ಇದರಿಂದಲೇ. ಹಾಗಾಗಿ ನಾನು ಹೇಳುವ ಏಕೈಕ ಮೆಮೊರಿ ಖರೀದಿ ಎಂದರೆ ರೋಮ್ ಚಿಪ್‌ನ ಜಾಗದಲ್ಲಿ ನಿಲ್ಲುವ 16 ಕಿಲೋಬೈಟ್ ಸೈಡ್‌ವೇಸ್ ರ‍್ಯಾಮ್. ಅದರಲ್ಲಿ ಎಂಎಂಎಫ್‌ಎಸ್‌ನ ಸೈಡ್‌ವೇಸ್ ಆವೃತ್ತಿಯನ್ನು ಇಟ್ಟರೆ ಅದು ತನ್ನ ಲೆಕ್ಕಪತ್ರವನ್ನು ಅಲ್ಲಿಯೇ ಬರೆದುಕೊಳ್ಳುತ್ತದೆ, ನಿಮ್ಮ 2816 ಬೈಟ್ ಪೂರ್ತಿ ಮರಳಿ ಬರುತ್ತದೆ. ಪ್ರೊಸೆಸರ್ ಸಾಕೆಟ್‌ನಲ್ಲಿ ಕೂರುವ ಏರೀಸ್ ಬಿ20ಯಂಥ ಹಳೆಯ ಶ್ಯಾಡೊ ರ‍್ಯಾಮ್ ಬೋರ್ಡ್‌ಗಳು ಪರದೆಯ 20 ಕಿಲೋಬೈಟನ್ನು ಬೇರೆಡೆಗೆ ಸಾಗಿಸುತ್ತವೆ. ಸಿಕ್ಕರೆ ಚೆಂದ, ಅದಕ್ಕಾಗಿ ಅಲೆಯಬೇಕಿಲ್ಲ.

ನಿಮ್ಮಂತೆ ಬೆಸುಗೆಗೆ ಹಿಂಜರಿಯುವವರಿಗೆ ಇನ್ನೊಂದು ದಾರಿ ಇದೆ. ಯಂತ್ರದ ಕೆಳಗಿರುವ 40 ಪಿನ್‌ಗಳ ಟ್ಯೂಬ್ ಕನೆಕ್ಟರ್‌ಗೆ, ವೋಲ್ಟೇಜ್ ಹೊಂದಿಸುವ ಪುಟ್ಟ ಬೋರ್ಡಿನ ಮೂಲಕ ರಾಸ್ಪ್‌ಬೆರಿ ಪೈ ಜೋಡಿಸಿದರೆ ಅದು ಎರಡನೆಯ ಪ್ರೊಸೆಸರ್ ಆಗಿ ನಿಲ್ಲುತ್ತದೆ. ಪೈಟ್ಯೂಬ್‌ಡೈರೆಕ್ಟ್ ಎಂದು ಅದರ ಹೆಸರು. ಪ್ರೋಗ್ರಾಂ ಆಚೆ ಬದಿಯಲ್ಲಿ ಓಡುವುದರಿಂದ ಪರದೆ ಎಷ್ಟೇ ಮೆಮೊರಿ ತಿಂದರೂ ನಿಮ್ಮ ಬೇಸಿಕ್‌ಗೆ ಸುಮಾರು 30 ಕಿಲೋಬೈಟ್ ಸಿಗುತ್ತದೆ. ಪೆಟ್ಟಿಗೆಯೊಳಗೆ ಟ್ಯೂಬ್ ನಡೆಸುವ ತಂತ್ರಾಂಶವಿರುವ ರೋಮ್ ಚಿಪ್ ಒಂದು ಇರಬೇಕಾಗುತ್ತದೆ. ಪರದೆಯ ಮೆಮೊರಿಗೆ ನೇರವಾಗಿ ಬರೆಯುವ ಆಟಗಳು ಇದರಲ್ಲಿ ನಡೆಯುವುದಿಲ್ಲ. ಪ್ರೋಗ್ರಾಂ ಬರೆಯುವ ಆಸೆ ಇದ್ದರೆ ಮಾತ್ರ ಇದನ್ನು ಕೊಳ್ಳಿ.

ಹುಬ್ಬಳ್ಳಿಯಿಂದ

ಸ್ಪೆಕ್ಟ್ರಮ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಡೆಸಿಬೆಲ್ಸ್ ಕಂಪನಿ ಪರವಾನಗಿ ಪಡೆದು ಭಾರತದಲ್ಲಿ ಮಾರಿದ ಡಿಬಿ ಸ್ಪೆಕ್ಟ್ರಮ್ ಪ್ಲಸ್ ನನ್ನ ಮೊದಲ ಕಂಪ್ಯೂಟರ್. ಇವತ್ತಿಗೂ ಅದರ ಮೇಲೆ ಪ್ರೀತಿ.

ಚೌಕಗಳು ಮಾತ್ರ ಬರುತ್ತವೆ ಎಂದರೆ ಕೆಳಗಿನ 16 ಕಿಲೋಬೈಟ್ ರ‍್ಯಾಮ್ ಮೇಲೆ ನನಗೆ ಗುಮಾನಿ. ಅಲ್ಲಿರುವುದು ಎಂಟು 4116 ಚಿಪ್‌ಗಳು. ಅವಕ್ಕೆ +5, +12 ಮತ್ತು -5 ಹೀಗೆ ಮೂರು ವೋಲ್ಟೇಜ್ ಬೇಕು. ಒಳಗಿನ ಪರಿವರ್ತಕ ಕೆಟ್ಟು -5 ನಿಂತುಹೋದರೆ ಚಿಪ್‌ಗಳು ಒಂದರ ಹಿಂದೆ ಒಂದರಂತೆ ಸಾಯುತ್ತವೆ. ಹೊಸ ಚಿಪ್ ಹಾಕುವ ಮೊದಲು ಮೂರೂ ವೋಲ್ಟೇಜ್ ಅಳೆಯಿರಿ, ಇಲ್ಲವಾದರೆ ಹೊಸವೂ ಹೋಗುತ್ತವೆ. ಎಂಟನ್ನೂ ಬದಲಾಯಿಸುವ ಒಂದೇ ಸ್ಟ್ಯಾಟಿಕ್ ರ‍್ಯಾಮ್ ಮಾಡ್ಯೂಲ್ ಸಿಗುತ್ತದೆ. ಅದು 5 ವೋಲ್ಟ್ ಒಂದರಲ್ಲೇ ನಡೆಯುತ್ತದೆ, ಬಿಸಿಯೂ ಕಡಿಮೆ. ಮೇಲಿನ 32 ಕಿಲೋಬೈಟ್‌ನ ಕಥೆ ಬೇರೆ. ಖರ್ಚು ಉಳಿಸಲು ಸಿಂಕ್ಲೇರ್ ಅವರು ಅರ್ಧ ಭಾಗ ಮಾತ್ರ ಕೆಲಸ ಮಾಡುವ 64 ಕಿಲೋಬಿಟ್ ಚಿಪ್‌ಗಳನ್ನು ಕೊಂಡು ಅಲ್ಲಿ ಹಾಕಿದರು. ಅವು ಕೆಟ್ಟರೆ ಪೂರ್ತಿ ಸರಿಯಿರುವ 4164 ಹಾಕಬಹುದು.

ಅಡಾಪ್ಟರ್ ಬಗ್ಗೆ ಅಣ್ಣನಿಗೆ ತಿಳಿಸಿ: 9 ವೋಲ್ಟ್, ನಡುವಿನ ಪಿನ್ ಋಣ. ಈಗ ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಅಡಾಪ್ಟರ್‌ಗಳಲ್ಲಿ ನಡುವಿನ ಪಿನ್ ಧನ. ಹಾಗೆಯೇ ಚುಚ್ಚಿದರೆ ಯಂತ್ರಕ್ಕೆ ಅಪಾಯ.

ಸಂಗ್ರಹಕ್ಕೆ ಡಿವ್‌ಎಂಎಂಸಿ ಬಿಟ್ಟು ಬೇರೇನೂ ಯೋಚಿಸಬೇಡಿ. ಹಿಂಬದಿಯ ಎಡ್ಜ್ ಕನೆಕ್ಟರ್‌ಗೆ ಕೂರುತ್ತದೆ, ಎಸ್‌ಡಿ ಕಾರ್ಡ್ ಓದುತ್ತದೆ, ಒಂದು ಗುಂಡಿ ಒತ್ತಿದರೆ ಕಡತಗಳ ಪಟ್ಟಿ ಬರುತ್ತದೆ. ಯಂತ್ರ ಹೊತ್ತಿದ್ದಾಗ ಅದನ್ನು ಹಾಕುವುದು, ತೆಗೆಯುವುದು ಮಾಡಬಾರದು. ಸ್ವಲ್ಪ ಓರೆಯಾದರೂ ರ‍್ಯಾಮ್ ಸಾಯುತ್ತದೆ. ಅದನ್ನು ಕೊಳ್ಳುವ ತನಕ ಮೊಬೈಲ್ ಸಾಕು. ಆಟದ ಕಡತವನ್ನು ಧ್ವನಿ ಕಡತವಾಗಿ ಬದಲಿಸಿ, ದನಿ ಏರಿಸಿ, ಇಯರ್ ಸಾಕೆಟ್‌ಗೆ ಕೊಟ್ಟರೆ ಕ್ಯಾಸೆಟ್ ಎಂದೇ ನಂಬುತ್ತದೆ. ಬಿಬಿಸಿ ಮೈಕ್ರೊಗೂ ಹೀಗೆಯೇ ಮಾಡಬಹುದು, ಏಳು ಪಿನ್ನಿನ ಕೇಬಲ್ ಬೇಕು ಅಷ್ಟೇ.

ಮೈಸೂರಿನಿಂದ

ಎಲ್ಲರೂ ಹೊಸ ಸಾಧನದ ಬಗ್ಗೆ ಹೇಳುತ್ತಿದ್ದೀರಿ. ನನ್ನ ಮನಸ್ಸು ಆ ಕ್ಯಾಸೆಟ್ ಡಬ್ಬಿಯ ಮೇಲೆ ಇದೆ. ಅಂಗಡಿಯ ಆಟಗಳು ಎಲ್ಲೆಡೆ ಸಿಗುತ್ತವೆ. ಆದರೆ ಮೇಷ್ಟ್ರುಗಳು, ಮಕ್ಕಳು ಶಾಲೆಯಲ್ಲಿ ಬರೆದು ಉಳಿಸಿದ ಪ್ರೋಗ್ರಾಂಗಳು ಅಲ್ಲಿದ್ದರೆ ಅವುಗಳ ಪ್ರತಿ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ದಯವಿಟ್ಟು ಅವನ್ನು ಮೊದಲು ಉಳಿಸಿ.

ಕ್ಯಾಸೆಟ್‌ಗಳನ್ನು ನೇರವಾಗಿ ಬಿಬಿಸಿ ಮೈಕ್ರೊಗೆ ಓದಿಸಲು ಹೋಗಬೇಡಿ. ಶುಚಿ ಮಾಡಿದ ಒಳ್ಳೆಯ ಟೇಪ್ ರೆಕಾರ್ಡರ್‌ನಿಂದ ಲ್ಯಾಪ್‌ಟಾಪಿಗೆ, ಕುಗ್ಗಿಸದ ವೇವ್ ಕಡತವಾಗಿ, ಎರಡೂ ಬದಿ ಮುದ್ರಿಸಿಕೊಳ್ಳಿ. ಎಂಪಿ3 ಬೇಡ. ಒಮ್ಮೆ ಮುದ್ರಿಸಿಕೊಂಡರೆ ಅದರಿಂದ ಎಷ್ಟು ಬಾರಿಯಾದರೂ ಓದಿಸಲು ಯತ್ನಿಸಬಹುದು, ಟೇಪ್ ಸವೆಯುವುದಿಲ್ಲ. 1200 ಬಾಡ್ (ಸೆಕೆಂಡಿಗೆ 1200 ಬಿಟ್) ವೇಗದಲ್ಲಿ 20 ಕಿಲೋಬೈಟ್ ಪ್ರೋಗ್ರಾಂಗೆ ಮೂರು ನಿಮಿಷದ ಆಸುಪಾಸು.

ಫ್ಲಾಪಿಗಳನ್ನು ಬೆಳಕಿಗೆ ಹಿಡಿದು ನೋಡಿ. ತಟ್ಟೆಯ ಮೇಲೆ ಬಿಳಿ ಚುಕ್ಕೆಗಳಿದ್ದರೆ ಅದು ಬೂಷ್ಟು. ಮಲೆನಾಡಿನ ಫ್ಲಾಪಿಗಳಲ್ಲಿ ಇದು ಸಾಮಾನ್ಯ. ಆ ಡಿಸ್ಕನ್ನು ಯಾವ ಡ್ರೈವಿಗೂ ಹಾಕಬಾರದು, ಡ್ರೈವಿನ ಓದುವ ತಲೆಗೆ ಬೂಷ್ಟು ಮೆತ್ತಿ ಮುಂದಿನ ಡಿಸ್ಕನ್ನೂ ಗೀಚುತ್ತದೆ. ಶುಚಿಯಾಗಿರುವವನ್ನು ಗ್ರೀಸ್‌ವೀಝಲ್ ಎಂಬ ಪುಟ್ಟ ಬೋರ್ಡಿನಿಂದ ಲ್ಯಾಪ್‌ಟಾಪಿಗೆ ಓದಿಸಬಹುದು. ಹಳೆಯ ಐದೂಕಾಲು ಇಂಚಿನ ಡ್ರೈವ್ ಬೇಕಾಗುವುದು ಇಲ್ಲಿ, ದಿನದ ಬಳಕೆಗಲ್ಲ. ನನ್ನ ಬಳಿ ಡ್ರೈವ್ ಇದೆ, ಬೋರ್ಡೂ ಇದೆ. ಮೈಸೂರಿಗೆ ಬಂದಾಗ ತನ್ನಿ, ಕೂತು ಓದಿಸೋಣ.

ಕೇಳಿದವರು: ಸಾಗರ

ಎಲ್ಲರಿಗೂ ಧನ್ಯವಾದ. ಕೆಪಾಸಿಟರ್ ಎರಡೂ ಬಿರುಕು ಬಿಟ್ಟಿದ್ದವು, ಇಲ್ಲಿನ ಟಿವಿ ಮೆಕ್ಯಾನಿಕ್ ಬದಲಾಯಿಸಿಕೊಟ್ಟರು. ಎರಡು ದನಿಯೂ ಕೇಳಿಸಿತು, ಪರದೆಯಲ್ಲಿ 32ಕೆ ಎಂದು ಬಂತು. ಅಪ್ಪ ಪಕ್ಕದಲ್ಲೇ ಇದ್ದರು. ಐಸಿ 78 ಖಾಲಿ ಇದೆ. ಕ್ಯಾಸೆಟ್‌ಗಳ ಮೇಲೆ ಮಕ್ಕಳ ಹೆಸರು, ತರಗತಿ ಬರೆದಿದೆ. ಈಗ ಏನನ್ನು ಯಾವ ಕ್ರಮದಲ್ಲಿ ಕೊಳ್ಳಲಿ?

ಬೆಂಗಳೂರಿನಿಂದ

ಬಹಳ ಸಂತೋಷವಾಯಿತು. ಐಸಿ 78 ಖಾಲಿ ಎಂದಮೇಲೆ ಗೋಟೆಕ್ ಬಿಡಿ. ಮೊದಲು ಏಳು ಪಿನ್ನಿನ ಕ್ಯಾಸೆಟ್ ಕೇಬಲ್ ತರಿಸಿ, ಮೈಸೂರಿನವರು ಹೇಳಿದಂತೆ ಕ್ಯಾಸೆಟ್‌ಗಳನ್ನೆಲ್ಲ ಲ್ಯಾಪ್‌ಟಾಪಿಗೆ ಮುದ್ರಿಸಿಕೊಳ್ಳಿ. ಆಮೇಲೆ ಯೂಸರ್ ಪೋರ್ಟಿನ ಎಸ್‌ಡಿ ಕಾರ್ಡ್ ಬೋರ್ಡನ್ನು, ಎಂಎಂಎಫ್‌ಎಸ್ ಬರೆದ ಚಿಪ್ ಸಮೇತ ಒಬ್ಬರ ಬಳಿಯೇ ಕೊಳ್ಳಿ, ಚಿಪ್ ಬರೆಯುವ ಯಂತ್ರ ಹುಡುಕುವ ಕಷ್ಟ ತಪ್ಪುತ್ತದೆ. ಹೊರದೇಶದಿಂದ ತರಿಸಿದರೆ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೈಡ್‌ವೇಸ್ ರ‍್ಯಾಮ್ ಈಗಲೇ ಬೇಡ. ಯಾವುದಾದರೂ ಪ್ರೋಗ್ರಾಂ ಜಾಗ ಸಾಲದೆ ನಿಂತ ದಿನ ತರಿಸಿದರಾಯಿತು. ಬೋರ್ಡಿನ ಮೇಲೆ ಏನನ್ನೂ ಕತ್ತರಿಸುವುದು ಬೇಡ. ಸಾಕೆಟ್‌ನಿಂದ ಕಿತ್ತ ಚಿಪ್, ಬದಲಾಯಿಸಿದ ಬಿಡಿಭಾಗ ಎಲ್ಲವನ್ನೂ ಹೆಸರು ಬರೆದು ಒಂದು ಡಬ್ಬಿಯಲ್ಲಿಡಿ.

ಮಕ್ಕಳ ಪ್ರೋಗ್ರಾಂಗಳು ಓದಿಕೊಂಡರೆ ಅವನ್ನು ಎಸ್‌ಡಿ ಕಾರ್ಡಿಗೆ ಉಳಿಸುವ ವಿಧಾನವನ್ನು ನಾನು ಹಂತಹಂತವಾಗಿ ಬರೆದು ಕೊಡುತ್ತೇನೆ.