ಫೋನ್ ಆ್ಯಪ್‌ನಲ್ಲಿ ಕಾರಿನ ಡೇಟಾ ಲಾಗ್ ಮಾಡುತ್ತಿದ್ದೇನೆ, ಜರ್ಕ್ ಹೊಡೆಯುವ ಕ್ಷಣ ಮಾತ್ರ ಸಿಗುತ್ತಿಲ್ಲ

ದಾರಿಹೋಕ

ಎಲ್ಲರಿಗೂ ನಮಸ್ಕಾರ. ನನ್ನ ಪೆಟ್ರೋಲ್ ಕಾರು ಎರಡು ತಿಂಗಳಿಂದ ಒಂದು ತೊಂದರೆ ಕೊಡುತ್ತಿದೆ. ನಿಂತಲ್ಲಿಂದ ಹೊರಟು ಸೆಕೆಂಡ್ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದಾಗ, ಅದೂ ಏರು ಇದ್ದರೆ ಜಾಸ್ತಿ, ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಒಂದು ಜರ್ಕ್ ಹೊಡೆಯುತ್ತದೆ. ಮರುಕ್ಷಣ ತಾನೇ ಸರಿಹೋಗುತ್ತದೆ. ಒಂದು ದಿನ ಎರಡು ಸಲ ಆಗುತ್ತದೆ, ಆಮೇಲೆ ಮೂರು ದಿನ ಸದ್ದಿಲ್ಲ. ಚೆಕ್ ಎಂಜಿನ್ ಲೈಟ್ ಉರಿಯುವುದಿಲ್ಲ, ದೋಷದ ಕೋಡ್ ಕೂಡ ಇಲ್ಲ. ಮೆಕ್ಯಾನಿಕ್ ಓಡಿಸಿ ನೋಡಿದಾಗ ಗಾಡಿ ಬೆಣ್ಣೆಯಂತೆ ಹೋಯಿತು. ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಬದಲಿಸಿ ನೋಡೋಣ ಅಂದರು. ಸುಮ್ನೆ ಊಹೆಯ ಮೇಲೆ ಪಾರ್ಟ್ ಬದಲಿಸಲು ನನಗೆ ಮನಸ್ಸಿಲ್ಲ.

ಅದಕ್ಕೇ ಇಎಲ್‌ಎಂ327 ಅಂತ ಬರೆದಿರುವ ಸಾದಾ ಬ್ಲೂಟೂತ್ ಅಡಾಪ್ಟರ್ ತಂದು ಓಬಿಡಿ ಪೋರ್ಟಿಗೆ (ಕಾರಿನ ಡೇಟಾ ಓದುವ ಸಾಕೆಟ್) ಚುಚ್ಚಿದೆ, ಆಂಡ್ರಾಯ್ಡ್ ಫೋನಿನಲ್ಲಿ ಟಾರ್ಕ್ ಪ್ರೊ ಆ್ಯಪ್ ಹಾಕಿದೆ. ಯಾವುದು ಬೇಕಾಗುತ್ತದೋ ಗೊತ್ತಿಲ್ಲ ಅಂತ ಗಾಡಿ ಕೊಡುವ 24 ಸೆನ್ಸರ್‌ಗಳನ್ನೂ ಟಿಕ್ ಮಾಡಿ, ಲಾಗಿಂಗ್ ಅಂತರವನ್ನು 0.1 ಸೆಕೆಂಡಿಗೆ ಇಟ್ಟೆ. ಈಗ ಫೈಲ್ ತೆರೆದು ನೋಡಿದರೆ ಆರ್‌ಪಿಎಂ ಕಾಲಂನಲ್ಲಿ 1843 ಅಂತ ಇಪ್ಪತ್ತಕ್ಕೂ ಜಾಸ್ತಿ ಸಾಲುಗಳು, ಆಮೇಲೆ ಒಮ್ಮೆಲೇ 2210. ಸೆಕೆಂಡಿಗೆ ಹತ್ತು ಸಾಲು ಬರುತ್ತಿದೆ, ಆದರೆ ಅಂಕಿ ಕದಲುವುದೇ ಇಲ್ಲ. ಜರ್ಕ್ ಹೊಡೆದದ್ದು ಅರ್ಧ ಸೆಕೆಂಡು, ಅದು ಇದರಲ್ಲಿ ಎಲ್ಲೂ ಕಾಣುತ್ತಿಲ್ಲ. ಇನ್ನೊಂದು ತೊಂದರೆ, ಫೋನ್ ಸ್ಕ್ರೀನ್ ಆಫ್ ಆಗಿ ಸ್ವಲ್ಪ ಹೊತ್ತಿಗೆ ಲಾಗ್ ನಿಂತೇ ಹೋಗುತ್ತದೆ.

ಎಲ್ಲಿ ತಪ್ಪುತ್ತಿದ್ದೇನೆ? ಅಡಾಪ್ಟರ್ ಬದಲಿಸಬೇಕಾ?

ನಟ್ಟು ಬೋಲ್ಟು

ಈಗಲೇ ಅಡಾಪ್ಟರ್ ಬದಲಿಸಬೇಡಿ ಸರ್. ಇದು ಲೆಕ್ಕದ ವಿಷಯ.

ಕಾರಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಈ ಪೋರ್ಟಿನಲ್ಲಿ ತಾನಾಗಿ ಆರ್‌ಪಿಎಂ, ಟೆಂಪರೇಚರ್ ಅಂತ ಹೇಳುತ್ತಾ ಕೂರುವುದಿಲ್ಲ. ಆ್ಯಪ್ ಕೇಳಬೇಕು, ಇಸಿಯು ಉತ್ತರ ಕೊಡಬೇಕು, ಆಮೇಲೆ ಮುಂದಿನ ಪ್ರಶ್ನೆ. ಒಂದೊಂದು ಸೆನ್ಸರಿಗೂ ಒಂದೊಂದು ಪ್ರಶ್ನೆ, ಅದಕ್ಕೇ ಪಿಐಡಿ ಅನ್ನುವುದು. ಟಾರ್ಕ್‌ನಲ್ಲಿ ಅಡಾಪ್ಟರ್ ಸ್ಟೇಟಸ್ ಅಂತ ಒಂದು ಪುಟ ಇದೆ, ಸೆಕೆಂಡಿಗೆ ಎಷ್ಟು ಪಿಐಡಿ ಓದುತ್ತಿದೆ ಅಂತ ಅಲ್ಲಿ ತೋರಿಸುತ್ತದೆ. ಅದು 10 ಅಂತ ಇಟ್ಟುಕೊಳ್ಳಿ. ನೀವು 24 ಆರಿಸಿದ್ದೀರಿ. ಅಂದರೆ ಒಂದು ಸುತ್ತು ಮುಗಿಯಲು 2.4 ಸೆಕೆಂಡು. ಆರ್‌ಪಿಎಂ ಪಾಳಿ ಮತ್ತೆ ಬರುವುದು ಆಗಲೇ. ಲಾಗಿಂಗ್ ಅಂತರ ಅನ್ನುವುದು ಫೈಲಿಗೆ ಎಷ್ಟು ಬೇಗ ಸಾಲು ಬರೆಯಬೇಕು ಅನ್ನುವುದು ಮಾತ್ರ. ಹೊಸ ಉತ್ತರ ಬರುವ ತನಕ ಹಳೆಯ ಅಂಕಿಯನ್ನೇ ಮತ್ತೆ ಮತ್ತೆ ಬರೆಯುತ್ತದೆ. ನಿಮ್ಮ 1843 ಇಪ್ಪತ್ತಕ್ಕೂ ಜಾಸ್ತಿ ಸಲ ಬಂದದ್ದು ಇದರಿಂದಲೇ, ಲೆಕ್ಕ ಸರಿಯಾಗಿ ಕೂಡುತ್ತದೆ ನೋಡಿ.

ಪಟ್ಟಿಯನ್ನು ನಾಲ್ಕಕ್ಕೆ ಇಳಿಸಿ. ಆರ್‌ಪಿಎಂ, ಥ್ರಾಟಲ್ ಪೊಸಿಷನ್, ಗಾಳಿ ಅಳೆಯುವ ಸೆನ್ಸರ್ (ಒಳಬರುವ ಗಾಳಿಯ ಪ್ರಮಾಣ ಅಳೆಯುವ ಮ್ಯಾಫ್ ಅಥವಾ ಗಾಳಿಯ ಒತ್ತಡ ಅಳೆಯುವ ಮ್ಯಾಪ್, ನಿಮ್ಮ ಗಾಡಿಯಲ್ಲಿ ಯಾವುದಿದೆಯೋ ಅದು), ಶಾರ್ಟ್ ಟರ್ಮ್ ಫ್ಯೂಯೆಲ್ ಟ್ರಿಮ್ (ಪೆಟ್ರೋಲ್ ಪ್ರಮಾಣಕ್ಕೆ ಇಸಿಯು ಆ ಕ್ಷಣ ಮಾಡುವ ತಿದ್ದುಪಡಿ). ವೇಗ ಬೇಕಾದರೆ ಫೋನಿನ ಜಿಪಿಎಸ್‌ನಿಂದ ತೆಗೆದುಕೊಳ್ಳಿ, ಅದು ಅಡಾಪ್ಟರ್ ದಾರಿಯಲ್ಲಿ ಬರುವುದಿಲ್ಲ, ಹಾಗಾಗಿ ಅದಕ್ಕೆ ಪಾಳಿ ಖರ್ಚಾಗುವುದಿಲ್ಲ. ಫೋನಿನ ಆಕ್ಸಿಲರೋಮೀಟರ್ ಕೂಡ ಹಾಗೆಯೇ. ಅದನ್ನು ಖಂಡಿತ ಟಿಕ್ ಮಾಡಿ. ಫೋನ್ ಸ್ಟ್ಯಾಂಡಿನಲ್ಲಿ ಅಲ್ಲಾಡದೆ ಗಟ್ಟಿಯಾಗಿ ಕೂತಿದ್ದರೆ ಜರ್ಕ್ ಹೊಡೆದ ಸಾಲು ಅದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಲಾಗ್ ಆಗುವಾಗ ಸ್ಕ್ರೀನ್ ಮೇಲೆ ಹತ್ತು ಗೇಜ್ ತೆರೆದಿಟ್ಟರೆ ಆ್ಯಪ್ ಅವನ್ನೂ ಕೇಳಬೇಕಾಗುತ್ತದೆ. ಏನೂ ಇಲ್ಲದ ಖಾಲಿ ಪುಟಕ್ಕೆ ಹೋಗಿ ಬಿಡಿ.

ಸ್ಟೇಟಸ್ ಪುಟದಲ್ಲಿ ಪ್ರೋಟೋಕಾಲ್ (ಅಡಾಪ್ಟರ್ ಜೊತೆ ಇಸಿಯು ಮಾತಾಡುವ ಭಾಷೆ) ಯಾವುದು ಅಂತಲೂ ನೋಡಿ ಹೇಳಿ. ಕ್ಯಾನ್ ಇದ್ದರೆ ಒಳ್ಳೆಯದು, ಹೆಚ್ಚಿನ ಕಾರುಗಳಲ್ಲಿ 500 ಕಿಲೋಬಿಟ್ ವೇಗ. ಹಳೆಯ ಗಾಡಿಗಳ ಕೆ-ಲೈನ್ ಬರೀ 10.4 ಕಿಲೋಬಿಟ್. ಅದರಲ್ಲಿ ಎಂಥಾ ಅಡಾಪ್ಟರ್ ಹಾಕಿದರೂ ಸೆಕೆಂಡಿಗೆ ಕೆಲವೇ ಉತ್ತರ ಬರುತ್ತವೆ.

ಗ್ರೀಸ್ ಕೈ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಲಾಗ್ ನಿಲ್ಲುವ ವಿಷಯ ನಾನು ಹೇಳುತ್ತೇನೆ.

ಅದು ಫೋನಿನ ಕೆಲಸ. ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಹಿಂದೆ ಓಡುವ ಆ್ಯಪ್‌ಗಳನ್ನು ಮಲಗಿಸುತ್ತದೆ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಹೋಗಿ ಬ್ಯಾಟರಿ ಅನ್ನುವ ಕಡೆ ನಿರ್ಬಂಧ ತೆಗೆಯಿರಿ. ಲೊಕೇಶನ್ ಅನುಮತಿ ಕೊಡಿ, ಆಂಡ್ರಾಯ್ಡ್ 12 ಅಥವಾ ಅದರ ಮೇಲಿದ್ದರೆ ಹತ್ತಿರದ ಸಾಧನಗಳು ಅನ್ನುವ ಅನುಮತಿಯನ್ನೂ ನೋಡಿ. ಫೋನನ್ನು ಚಾರ್ಜಿಗೆ ಹಾಕಿ ಸ್ಕ್ರೀನ್ ಆನ್ ಇಟ್ಟರೆ ಇನ್ನೂ ನಿಶ್ಚಿಂತೆ.

ಅಡಾಪ್ಟರ್ ಪೋರ್ಟಿನಲ್ಲೇ ಬಿಟ್ಟು ಮನೆಗೆ ಹೋಗುತ್ತೀರಾ? ಪೋರ್ಟಿನ 16ನೇ ಪಿನ್ ನೇರ ಬ್ಯಾಟರಿಯದ್ದು, ಕೀ ತೆಗೆದರೂ ಕರೆಂಟ್ ಇರುತ್ತದೆ. ಸಾದಾ ಅಡಾಪ್ಟರ್‌ಗಳು ನಿದ್ದೆ ಮಾಡುವುದಿಲ್ಲ. 50 ಮಿಲಿಆಂಪ್ ಎಳೆದರೂ ದಿನಕ್ಕೆ 1.2 ಆಂಪಿಯರ್ ಅವರ್. ಎರಡು ವಾರ ಗಾಡಿ ತೆಗೆಯದೇ ಇದ್ದರೆ ಸುಮಾರು 17 ಆಂಪಿಯರ್ ಅವರ್ ಹೋಯಿತು, ಹಳೆ ಬ್ಯಾಟರಿಯಾದರೆ ಸ್ಟಾರ್ಟ್ ಆಗುವುದಿಲ್ಲ. ಇಳಿಯುವಾಗ ಕಿತ್ತಿಡಿ.

ದಯವಿಟ್ಟು ಓಡಿಸುತ್ತಾ ಫೋನ್ ಮುಟ್ಟಬೇಡಿ. ಹೊರಡುವ ಮೊದಲು ಲಾಗ್ ಶುರು ಮಾಡಿ, ನಿಲ್ಲಿಸಿದ ಮೇಲೆ ನೋಡಿ. ಜೊತೆಗೆ ಯಾರಾದರೂ ಇದ್ದರೆ ಜರ್ಕ್ ಹೊಡೆದಾಗ ಗಂಟೆ ನಿಮಿಷ ಬರೆದಿಟ್ಟುಕೊಳ್ಳಲಿ.

ಮತ್ತೆ, ಆ ಫೈಲನ್ನು ಇಲ್ಲಿ ಹಾಗೇ ಹಾಕಬೇಡಿ. ಅದರಲ್ಲಿ ಅಕ್ಷಾಂಶ ರೇಖಾಂಶದ ಕಾಲಂ ಇರುತ್ತದೆ, ನಿಮ್ಮ ಮನೆ ಬಾಗಿಲಿನಿಂದಲೇ ಶುರುವಾಗುತ್ತದೆ ಅಲ್ವಾ. ಆ ಎರಡು ಕಾಲಂ ಅಳಿಸಿ ಹಾಕಿ.

ದಾರಿಹೋಕ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸ್ಟೇಟಸ್ ಪುಟ ನೋಡಿದೆ. ಪ್ರೋಟೋಕಾಲ್ ಕ್ಯಾನ್, ವೇಗ ಸೆಕೆಂಡಿಗೆ 10 ಪಿಐಡಿ. ನೀವು ಉದಾಹರಣೆಗೆ ಹೇಳಿದ ಅಂಕಿಯೇ ಬಂತು! ನಾಲ್ಕಕ್ಕೆ ಇಳಿಸಿದೆ, ಈಗ ಪ್ರತಿ 0.4 ಸೆಕೆಂಡಿಗೆ ಹೊಸ ಅಂಕಿ. ಅಡಾಪ್ಟರ್ ಸೆಟ್ಟಿಂಗ್ಸ್‌ನಲ್ಲಿ ವೇಗದ ಸಂವಹನ ಅಂತ ಒಂದು ಆಯ್ಕೆ ಇತ್ತು, ಅದನ್ನು ಆನ್ ಮಾಡಿದರೆ ನಡುನಡುವೆ ಅಂಕಿಗಳೇ ಮಾಯವಾದವು, ಆಫ್ ಮಾಡಿದೆ. ಲಾಗ್ ಈಗ ನಿಲ್ಲುತ್ತಿಲ್ಲ, ನಿನ್ನೆ 50 ನಿಮಿಷ ಪೂರ್ತಿ ಬಂತು. ಜರ್ಕ್ ಮಾತ್ರ ಆಗಲಿಲ್ಲ.

ಗಾಡಿಯಲ್ಲಿ ಮ್ಯಾಫ್ ಸೆನ್ಸರ್ ಇದೆ. ಈ ಫ್ಯೂಯೆಲ್ ಟ್ರಿಮ್ ಅನ್ನುವುದನ್ನು ಹೇಗೆ ಓದಬೇಕು? ಪ್ಲಸ್ ಮೈನಸ್ ಶೇಕಡಾ ಬರುತ್ತಿದೆ.

ನಟ್ಟು ಬೋಲ್ಟು

ಆ ವೇಗದ ಆಯ್ಕೆ ಎಲ್ಲಾ ಅಡಾಪ್ಟರಿಗೂ ಒಗ್ಗುವುದಿಲ್ಲ, ಆಫ್ ಮಾಡಿದ್ದು ಒಳ್ಳೆಯದು. ಕ್ಯಾನ್ ಗಾಡಿಗಳಲ್ಲಿ ಒಂದೇ ಪ್ರಶ್ನೆಯಲ್ಲಿ ಆರು ಪಿಐಡಿ ತನಕ ಕೇಳಲು ಅವಕಾಶ ಇದೆ, ಆದರೆ ನಕಲಿ ಇಎಲ್‌ಎಂ327 ಚಿಪ್‌ಗಳಲ್ಲಿ ಉದ್ದದ ಉತ್ತರ ಅರ್ಧಕ್ಕೆ ಕತ್ತರಿಸಿ ಹೋಗುವುದುಂಟು. ನಿಮ್ಮದರ ಮೇಲೆ ಆವೃತ್ತಿ 1.5 ಅಂತ ಇದ್ದರೆ ಅದು ನಕಲಿ ಅಂತಲೇ ಲೆಕ್ಕ, ಅಸಲಿ ಚಿಪ್ ಮಾಡುತ್ತಿದ್ದವರು 1.4ರಿಂದ ನೇರ 2.0ಕ್ಕೆ ಹೋದರು. ನಕಲಿಯಾದರೂ ನಾಲ್ಕು ಸೆನ್ಸರಿಗೆ 0.4 ಸೆಕೆಂಡು ನಿಮ್ಮ ಕೆಲಸಕ್ಕೆ ಸಾಕು.

ಟ್ರಿಮ್ ವಿಷಯ ಏರುದಾರಿಯವರು ಚೆನ್ನಾಗಿ ಹೇಳುತ್ತಾರೆ.

ಏರುದಾರಿ

ಹೇಳುತ್ತೇನೆ. ಲಾಗ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಕಾಲಂ ಅದು.

ಎಷ್ಟು ಗಾಳಿ ಒಳಗೆ ಬಂತು ಅಂತ ಮ್ಯಾಫ್ ಹೇಳುತ್ತದೆ, ಅದಕ್ಕೆ ತಕ್ಕ ಪೆಟ್ರೋಲನ್ನು ಇಸಿಯು ಬಿಡುತ್ತದೆ. ಸುಟ್ಟ ಮೇಲೆ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ನೋಡಿ, ಪೆಟ್ರೋಲ್ ಕಡಿಮೆ ಆಯಿತು ಅಥವಾ ಜಾಸ್ತಿ ಆಯಿತು ಅಂತ ತಿಳಿಸುತ್ತದೆ. ಇಸಿಯು ಆಗ ಮಾಡುವ ತಿದ್ದುಪಡಿಯೇ ಟ್ರಿಮ್. ಪ್ಲಸ್ ಅಂದರೆ ಲೆಕ್ಕಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತಿದೆ, ಮೈನಸ್ ಅಂದರೆ ಕಡಿಮೆ ಮಾಡುತ್ತಿದೆ. ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ದಿನಗಳಿಂದ ಕಲಿತು ಇಟ್ಟುಕೊಂಡದ್ದು. ಎರಡನ್ನೂ ಕೂಡಿಸಿ ನೋಡಬೇಕು.

ರಸ್ತೆಗೆ ಹೋಗುವ ಮೊದಲು ನಿಂತಲ್ಲೇ ಒಂದು ಲಾಗ್ ಮಾಡಿ. ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಬಯಲಿನಲ್ಲಿ ಗಾಡಿ ನಿಲ್ಲಿಸಿ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಎರಡು ನಿಮಿಷ ಐಡ್ಲಿಂಗ್, ಆಮೇಲೆ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದಿಡಿ. ಇದಕ್ಕೆ ಲಾಂಗ್ ಟರ್ಮ್ ಕೂಡ ಟಿಕ್ ಮಾಡಿ, ಇಲ್ಲಿ ಅವಸರ ಇಲ್ಲ. ಐಡ್ಲಿಂಗ್‌ನಲ್ಲಿ ಪ್ಲಸ್ ಜಾಸ್ತಿ ಇದ್ದು 2500ರಲ್ಲಿ ಇಳಿದರೆ ಮ್ಯಾಫ್ ಕಣ್ಣಿಗೆ ಬೀಳದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ಸಣ್ಣ ತೂತಿನ ಗಾಳಿ ಐಡ್ಲಿಂಗ್‌ನಲ್ಲಿ ದೊಡ್ಡ ಪಾಲು, ಎಂಜಿನ್ ಜಾಸ್ತಿ ಗಾಳಿ ಎಳೆಯುವಾಗ ಅದೇ ತೂತು ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಏರು ಹತ್ತುವಾಗ ಮಾತ್ರ ಪ್ಲಸ್ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಮ್ಯಾಫ್ ಕೊಳೆಯಾಗಿದೆ. ಒಂದು ಎಚ್ಚರ, ಆಕ್ಸಿಲರೇಟರ್ ಪೂರ್ತಿ ತುಳಿದಾಗ ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಕೇಳುವುದನ್ನು ಬಿಟ್ಟುಬಿಡುತ್ತದೆ, ಆಗಿನ ಶಾರ್ಟ್ ಟರ್ಮ್ ಅಂಕಿಗೆ ಅರ್ಥ ಇಲ್ಲ.

ಈ ಲೆಕ್ಕ ಮ್ಯಾಫ್ ಇರುವ ಗಾಡಿಗೆ. ಬರೀ ಮ್ಯಾಪ್ ಸೆನ್ಸರ್ ಇರುವ ಗಾಡಿಯಲ್ಲಿ ಒಳನುಗ್ಗಿದ ಗಾಳಿಯೂ ಒತ್ತಡವಾಗಿ ಅಳತೆಗೆ ಸಿಗುತ್ತದೆ, ಹಾಗಾಗಿ ಟ್ರಿಮ್ ಇಷ್ಟು ಚೆನ್ನಾಗಿ ಬಾಯಿಬಿಡುವುದಿಲ್ಲ.

ಮತ್ತೆ, ಆ್ಯಪ್‌ನಲ್ಲಿ ಕೋಡ್ ಕ್ಲಿಯರ್ ಮಾಡುವ ಬಟನ್ ಒತ್ತಬೇಡಿ. ಹೆಚ್ಚಿನ ಗಾಡಿಗಳಲ್ಲಿ ಅದರ ಜೊತೆ ಕಲಿತಿಟ್ಟ ಟ್ರಿಮ್ ಕೂಡ ಅಳಿಸಿ ಹೋಗುತ್ತದೆ, ನಿಮಗೆ ಬೇಕಾದ ಸಾಕ್ಷಿಯೇ ಅದು. ಪೆಂಡಿಂಗ್ ಕೋಡ್ ಇದೆಯಾ ಅಂತ ಮಾತ್ರ ನೋಡಿ, ಲೈಟ್ ಹತ್ತುವ ಮೊದಲೇ ಅಲ್ಲಿ ಬಂದಿರಬಹುದು.

ಹೊಸ ಕೀಲಿ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಐಫೋನ್‌ನಲ್ಲಿ ಇದೇ ಥರ ಮಾಡಬಹುದಾ? ನನ್ನ ಬ್ಲೂಟೂತ್ ಅಡಾಪ್ಟರ್ ಪೇರ್ ಆಗುತ್ತಿಲ್ಲ.

ಗ್ರೀಸ್ ಕೈ

ಹಳೆ ಥರದ ಸಾದಾ ಬ್ಲೂಟೂತ್ ಅಡಾಪ್ಟರ್ ಐಫೋನಿಗೆ ಆಗುವುದಿಲ್ಲ. ಬ್ಲೂಟೂತ್ ಎಲ್ಇ ಇರುವುದು ಬೇಕು, ಇಲ್ಲವೇ ವೈಫೈಯದ್ದು. ಎಲ್ಇ ಆದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪೇರ್ ಮಾಡಲು ಹೋಗಬೇಡಿ, ಆ್ಯಪ್ ಒಳಗಿಂದಲೇ ಹುಡುಕಿಸಿ. ಕಾರ್ ಸ್ಕ್ಯಾನರ್, ಓಬಿಡಿ ಫ್ಯೂಷನ್ ಎರಡೂ ಐಫೋನಿಗಿವೆ, ಎರಡರಲ್ಲೂ ರೆಕಾರ್ಡ್ ಮಾಡಬಹುದು. ಸೆನ್ಸರ್ ಕಡಿಮೆ ಆರಿಸುವ ಮಾತು ಅಲ್ಲಿಗೂ ಅನ್ವಯ.

ದಾರಿಹೋಕ

ಸಿಕ್ಕಿತು! ಐದು ದಿನ ಕಾಯಬೇಕಾಯಿತು.

ಮೊದಲು ನಿಂತಲ್ಲಿ ಮಾಡಿದ ಲಾಗ್. ಐಡ್ಲಿಂಗ್‌ನಲ್ಲಿ ಲಾಂಗ್ ಟರ್ಮ್ 12.5, ಶಾರ್ಟ್ ಟರ್ಮ್ 6 ಆಸುಪಾಸು, ಕೂಡಿಸಿದರೆ 18ಕ್ಕೂ ಮೇಲೆ. 2500ರಲ್ಲಿ ಎರಡೂ ಸೇರಿ 5.5. ಏರುದಾರಿಯವರು ಹೇಳಿದ ಹಾಗೆಯೇ. ಪೆಂಡಿಂಗ್ ಕಡೆ ಪಿ0171 ಕೂತಿತ್ತು, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಅನ್ನುವ ಕೋಡ್.

ಜರ್ಕ್ ಹೊಡೆದಾಗ ಪಕ್ಕದಲ್ಲಿ ತಮ್ಮ ಕೂತಿದ್ದ, ಟೈಮ್ ಬರೆದುಕೊಂಡ. ಆಕ್ಸಿಲರೋಮೀಟರ್ ಕಾಲಂನಲ್ಲೂ ಅದೇ ಸೆಕೆಂಡಿಗೆ ಅಂಕಿ ಹಾರಿದೆ. ಆ ನಾಲ್ಕು ಸುತ್ತು ಹೀಗಿವೆ, ಒಂದಕ್ಕೂ ಮುಂದಿನದಕ್ಕೂ 0.4 ಸೆಕೆಂಡು:

ಆರ್‌ಪಿಎಂ 1621, ಥ್ರಾಟಲ್ 27, ಮ್ಯಾಫ್ 12.4, ಟ್ರಿಮ್ 1.6
ಆರ್‌ಪಿಎಂ 1664, ಥ್ರಾಟಲ್ 27, ಮ್ಯಾಫ್ 7.1, ಟ್ರಿಮ್ 1.6
ಆರ್‌ಪಿಎಂ 1590, ಥ್ರಾಟಲ್ 28, ಮ್ಯಾಫ್ 7.6, ಟ್ರಿಮ್ 9.4
ಆರ್‌ಪಿಎಂ 1602, ಥ್ರಾಟಲ್ 28, ಮ್ಯಾಫ್ 11.9, ಟ್ರಿಮ್ 18.8

ಕಾಲು ಕದಲಿಲ್ಲ, ಥ್ರಾಟಲ್ ಕದಲಿಲ್ಲ. ಮ್ಯಾಫ್ ಮಾತ್ರ ಅರ್ಧದ ಹತ್ತಿರ ಕುಸಿದಿದೆ. ಇದು ಸೆನ್ಸರ್ ಕೆಟ್ಟಿದೆ ಅಂತಾನಾ, ಗಾಳಿ ಬೇರೆ ದಾರಿಯಲ್ಲಿ ಹೋಗುತ್ತಿದೆ ಅಂತಾನಾ?

ಏರುದಾರಿ

ಎಂಥಾ ಚೆಂದದ ಲಾಗ್! ಕ್ರಮ ನೋಡಿ. ಮೊದಲು ಮ್ಯಾಫ್ ಬಿತ್ತು, ಆಮೇಲೆ ಎಂಜಿನ್ ಸೋತಿತು, ಅದಾದ ಮೇಲೆ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಸಾಲದು ಅಂದಿತು, ಟ್ರಿಮ್ ಏರಿತು. ಥ್ರಾಟಲ್ ಬಾಡಿಯ ತಪ್ಪಲ್ಲ ಇದು, ಅದರ ಅಂಕಿ ಸ್ಥಿರವಾಗಿದೆ. ಎಂಜಿನ್ನಿಗೆ ಗಾಳಿ ಹೋಗಿದೆ, ಮ್ಯಾಫ್ ದಾಟಿ ಹೋಗಿಲ್ಲ ಅಷ್ಟೇ. ಸೆನ್ಸರ್ ವೈರಿಂಗ್ ಕೂಡ ಹೀಗೆ ತೋರಿಸಬಹುದು, ಆದರೆ ಐಡ್ಲಿಂಗ್‌ನ 18 ಗಾಳಿ ಸೋರಿಕೆಯ ಕಡೆಗೇ ಬೆರಳು ಮಾಡುತ್ತಿದೆ.

ಗೇರ್ ಹಾಕಿ ಎಳೆಯುವಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ಸ್ವಲ್ಪ ವಾಲುತ್ತದೆ. ಮ್ಯಾಫ್‌ನಿಂದ ಥ್ರಾಟಲ್ ಬಾಡಿಗೆ ಹೋಗುವ ಸುಕ್ಕುಸುಕ್ಕಿನ ರಬ್ಬರ್ ಪೈಪ್ ಆಗ ಹಿಗ್ಗುತ್ತದೆ. ಎಂಜಿನ್ ತಣ್ಣಗಿರುವಾಗ ಅದನ್ನು ಬಿಚ್ಚಿ, ಒಂದೊಂದು ಸುಕ್ಕನ್ನೂ ಬಗ್ಗಿಸಿ, ತಳಭಾಗವನ್ನು ಬೆಳಕಿಗೆ ಹಿಡಿದು ನೋಡಿ.

ದಾರಿಹೋಕ

ಬಿಚ್ಚಿದೆ. ಮೇಲಿನಿಂದ ಪೈಪ್ ಹೊಸದರ ಹಾಗಿತ್ತು. ತಿರುಗಿಸಿ ಬಗ್ಗಿಸಿದಾಗ ತಳದ ಮೂರನೇ ಸುಕ್ಕಿನ ಒಳಗೆ ಹೆಬ್ಬೆರಳಿನ ಉದ್ದಕ್ಕೆ ಸೀಳು ಬಾಯಿ ಬಿಟ್ಟಿತು, ಕೈ ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ಅಂಚೆಲ್ಲ ಬೂದಿ ಬಣ್ಣಕ್ಕೆ ತಿರುಗಿ ಒಣಗಿದೆ. ಮೆಕ್ಯಾನಿಕ್‌ಗೆ ಪೈಪ್ ತೋರಿಸಿ ನಾಲ್ಕು ಸಾಲಿನ ಲಾಗ್ ಕೂಡ ತೋರಿಸಿದೆ, ಅವರು ಎರಡು ಸಲ ಓದಿ ಅದರ ಫೋಟೋ ತೆಗೆದಿಟ್ಟುಕೊಂಡರು.

ಹೊಸ ಪೈಪ್ ಹಾಕಿ ಒಂಬತ್ತು ದಿನ ಆಯಿತು. ಐಡ್ಲಿಂಗ್‌ನಲ್ಲಿ ಎರಡೂ ಟ್ರಿಮ್ ಸೇರಿ ಈಗ 3ರ ಆಸುಪಾಸು. ಅದೇ ಏರಿನಲ್ಲಿ ದಿನಾ ಹೋಗುತ್ತಿದ್ದೇನೆ, ಜರ್ಕ್ ಇಲ್ಲ. ಇನ್ನೂ ಒಂದು ವಾರ ಅದೇ ನಾಲ್ಕು ಸೆನ್ಸರ್ ಲಾಗ್ ಮಾಡಿ, ಸರಿಯಿದ್ದಾಗ ಅಂಕಿ ಹೇಗಿರುತ್ತವೆ ಅಂತ ಫೈಲ್ ಎತ್ತಿಡುತ್ತೇನೆ. ಅಡಾಪ್ಟರ್ ದಿನಾ ಕಿತ್ತಿಡುತ್ತಿದ್ದೇನೆ ಗ್ರೀಸ್ ಕೈ ಅವರೇ.