ಅಪ್‌ಡೇಟ್: ಮಡಿಯಲ್ಲಿ ನೀರು ನಿಲ್ಲುತ್ತಿದ್ದ ಸಮಸ್ಯೆ ಬಗೆಹರಿಯಿತು

ತರಕಾರಿ ಮಡಿಯಲ್ಲಿ ಮಳೆನೀರು ಇಂಗುವುದಿಲ್ಲ, ಗಿಡಗಳು ಹಳದಿಯಾಗುತ್ತಿವೆ ಎಂದು ಕೇಳಿದ್ದೆ. ಈಗ ನೀರು ಸರಾಗವಾಗಿ ಇಂಗುತ್ತಿದೆ! "ಗುಂಡಿ ತೋಡಿ ಪದರಗಳನ್ನು ನೋಡಿ" ಎಂದವರಿಗೆ ಮನಸಾರೆ ಧನ್ಯವಾದಗಳು.

ಸುಮಾರು 20 ಸೆಂ.ಮೀ. ಆಳದಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಒತ್ತಿಟ್ಟಂತಹ ಗಟ್ಟಿ ಪದರ ಸಿಕ್ಕಿತು. ಬೇರುಗಳು ಅಲ್ಲಿಗೆ ಬಂದು ಅಡ್ಡಕ್ಕೆ ತಿರುಗಿದ್ದವು. ಅದರ ಮೇಲಿನ ಮಣ್ಣಿನಲ್ಲಿ ಬೂದು ಮತ್ತು ತುಕ್ಕು ಬಣ್ಣದ ಚುಕ್ಕೆಗಳಿದ್ದವು. ನೀರು ನಿಂತು ಗಾಳಿಯಾಡದೆ ಹೋದಾಗ ಮಣ್ಣಿನ ಕಬ್ಬಿಣ ಹೀಗೆ ಬಣ್ಣ ಬದಲಿಸುತ್ತದೆಯಂತೆ. ಪ್ರತಿ ಸಲವೂ ಒಂದೇ ಆಳಕ್ಕೆ ಟಿಲ್ಲರ್ ಓಡಿಸಿದರೆ ಇಂತಹ ಪದರ ಕಟ್ಟಿಕೊಳ್ಳುತ್ತದೆ.

ಮಣ್ಣಿಗೆ ಹಾಕಿದ್ದ ಜಿಪ್ಸಂನಿಂದ (ಕ್ಯಾಲ್ಸಿಯಂ ಇರುವ ಖನಿಜ ಪುಡಿ) ಏನೂ ಬದಲಾಗಲಿಲ್ಲ. ಅದು ಸೋಡಿಯಂ ಹೆಚ್ಚಿರುವ ಮಣ್ಣಿಗೆ ಮದ್ದು. ನಮ್ಮ ಮಣ್ಣಿನ ಒಣ ಹೆಂಟೆಯನ್ನು ಬಟ್ಟಿ ಇಳಿಸಿದ ನೀರಿಗೆ ಹಾಕಿದರೆ ನೀರು ಕದಡಲೇ ಇಲ್ಲ, ಅಂದರೆ ನಮ್ಮಲ್ಲಿ ಸೋಡಿಯಂ ಸಮಸ್ಯೆ ಇರಲಿಲ್ಲ. ಮರಳು ಬೆರೆಸುವ ಸಲಹೆಯನ್ನು ಬಾಟಲಿ ಪರೀಕ್ಷೆಯ (ಮಣ್ಣನ್ನು ನೀರಿನಲ್ಲಿ ಕುಲುಕಿಟ್ಟು ಕಣಗಳು ತಳ ಸೇರುವುದನ್ನು ನೋಡುವುದು) ನಂತರ ಕೈಬಿಟ್ಟೆ. ಮರಳು ನಿಮಿಷದೊಳಗೆ ತಳ ಸೇರಿತು, ಹೂಳು (ಮರಳಿಗಿಂತ ಸಣ್ಣ ಕಣಗಳು) ಕೆಲವು ಗಂಟೆಗಳಲ್ಲಿ, 0.002 ಮಿ.ಮೀ.ಗಿಂತ ಸಣ್ಣ ಜೇಡಿ ಕಣಗಳು ಮಾರನೆಯ ದಿನವೂ ತೇಲುತ್ತಿದ್ದವು. ಕೊನೆಗೆ ಅಳೆದಾಗ ಜೇಡಿಯ ಪಾಲೇ ಕಡಿಮೆ, ಹಾಗಾಗಿ ಮರಳು ಬೇಕಿರಲಿಲ್ಲ! ನನಗೆ ಅತ್ಯಂತ ಅಚ್ಚರಿ ತಂದದ್ದು ಇದೇ: ಕಣಗಳ ಪ್ರಮಾಣ ಚೆನ್ನಾಗಿದ್ದರೂ ಅವುಗಳ ಜೋಡಣೆ ಕೆಟ್ಟಿತ್ತು.

ಮಣ್ಣು ಅರೆತೇವದಲ್ಲಿದ್ದಾಗ ಹಾರೆಯಿಂದ ಆ ಪದರವನ್ನು ಒಡೆದು, ಮೇಲೆ ಕಾಂಪೋಸ್ಟ್ ಹರಡಿದೆ. ಒದ್ದೆ ಮಣ್ಣಿನಲ್ಲಿ ಮಾತ್ರ ಈ ಕೆಲಸ ಬೇಡ, ಮತ್ತೆ ಅದುಮಿಕೊಳ್ಳುತ್ತದೆ. ಮಡಿಯ ಮೇಲೆ ಈಗ ಯಾರೂ ಕಾಲಿಡುವುದಿಲ್ಲ, ಓಡಾಡಲು ಬದಿಯಲ್ಲಿ ದಾರಿ ಬಿಟ್ಟಿದ್ದೇನೆ.